ಪ್ರಾಜೆಕ್ಟ್ ಮಾಮ

ರಾತ್ರಿ ಹತ್ತೂವರೆಗೆ ಬೆಲ್ ಆದರೆ ನನ್ನ ಹೆಂಡತಿ ಫೆವಿಕಾಲ್ ಡಬ್ಬಿ ಹಿಡಿದುಕೊಂಡೇ ಬಾಗಿಲು ತೆಗೆಯುತ್ತಾಳೆ. ಆ ಹೊತ್ತಿಗೆ ಬರುವವರು ಮೂರನೇ ಮಹಡಿಯ ಪ್ರಾಜೆಕ್ಟ್ ಮಾಮ ಒಬ್ಬರೇ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗಿದೆ. ಅದು ಸೊಸೈಟಿಯ ಮೆಂಟೆನೆನ್ಸ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ.

ಇಂಥವರು ನಮ್ಮ ಡೊಂಬಿವಲಿಯಲ್ಲಿ ಸೊಸೈಟಿಗೊಬ್ಬರು, ಠಾಣೆಯ ಟವರುಗಳಲ್ಲಿ ವಿಂಗಿಗೊಬ್ಬರು. ಬೆಳಿಗ್ಗೆ ಫಾಸ್ಟ್ ಲೋಕಲ್ಲಿಗೆ ನೇತುಬಿದ್ದು ಫೋರ್ಟ್‌ಗೆ ಹೋಗಿ, ಇಡೀ ದಿನ ಬೇರೆಯವರ ಲೆಕ್ಕ ತಾಳೆ ನೋಡಿ, ರಾತ್ರಿ ಎಂಟೂವರೆಗೆ ಮನೆ ಸೇರಿ, ಊಟದ ತಟ್ಟೆಯ ಮುಂದೆ ಕೂತು ಕೇಳುವ ಮೊದಲ ಪ್ರಶ್ನೆ: 'ಇವತ್ತು ಎಂತದೂ ಪ್ರಾಜೆಕ್ಟ್ ಕೊಡಲಿಲ್ವಾ?' ಮಗಳು ಇಲ್ಲ ಎಂದರೆ ಅನ್ನ ಗಂಟಲಿಗಿಳಿಯುವುದಿಲ್ಲ. ದೀಪಾವಳಿಗೆ ಇಲ್ಲಿನ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುತ್ತಾರಲ್ಲ, ನಮ್ಮ ಸೊಸೈಟಿಯಲ್ಲಿ ಮಕ್ಕಳು ಮಣ್ಣು ಹೊರುತ್ತಾರೆ, ಮಾಮ ಕಟ್ಟುತ್ತಾರೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ಕಿನ ಜೊತೆ ಥರ್ಮೊಕೋಲನ್ನೂ ನಿಷೇಧಿಸಿದಾಗ ಅವರ ಮುಖದಲ್ಲಿ ಸೂತಕವಿತ್ತು. ಫ್ರಿಜ್ಜಿನ ಪೆಟ್ಟಿಗೆಯಿಂದ ಉಳಿಸಿದ ನಾಲ್ಕು ತುಂಡು ಇನ್ನೂ ಮಂಚದಡಿ ಇವೆ, ಚಿನ್ನದ ಹಾಗೆ.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಕಲ್ಯಾಣದ ದುರ್ಗಾಡಿ ಕೋಟೆ ಮಾಡಿಕೊಟ್ಟಿದ್ದರು. ಬಾಗಿಲು ತೆರೆಯುತ್ತಿತ್ತು, ಒಳಗೆ ಬಲ್ಬು ಉರಿಯುತ್ತಿತ್ತು. 'ಇದನ್ನು ಹೇಗೆ ಮಾಡಿದೆ ಪುಟ್ಟಿ?' ಎಂದು ಟೀಚರ್ ಕೇಳಿದ್ದಕ್ಕೆ ಮಗು, 'ಅಪ್ಪನ ಹತ್ತಿರ ಕೇಳಿ ನಾಳೆ ಹೇಳ್ತೇನೆ' ಅಂದಿತು. ಹತ್ತಕ್ಕೆ ನಾಲ್ಕು ಅಂಕ.

ಅವತ್ತಿನಿಂದ ಮಾಮನ ವಿದ್ಯೆ ಬದಲಾಯಿತು. ಚೆನ್ನಾಗಿ ಮಾಡುವುದು ಯಾರಿಗೂ ಬರುತ್ತದೆ, ಮಗು ಮಾಡಿದ ಹಾಗೆ ಮಾಡುವುದೇ ಕಷ್ಟ. ವರ್ಷಗಟ್ಟಲೆ ಪ್ರಯೋಗ ಮಾಡಿ ಅವರು ಒಂದು ಲೆಕ್ಕಾಚಾರಕ್ಕೆ ಬಂದಿದ್ದಾರೆ: ಎಡಗೈಯಲ್ಲಿ ಬಣ್ಣ ಹಚ್ಚಿದರೆ ಎಂಟು ವರ್ಷದ ಕೈ, ಬಲಗೈಯಲ್ಲಿ ಕನ್ನಡಕ ತೆಗೆದು ಹಚ್ಚಿದರೆ ಹನ್ನೊಂದು ವರ್ಷದ ಕೈ. ಸ್ಕೇಲಿಟ್ಟು ಎಳೆದ ಗೆರೆಯನ್ನು ಹೆಬ್ಬೆರಳಿನಿಂದ ಸ್ವಲ್ಪ ಉಜ್ಜಬೇಕು. ಅಂಟು ಒಂದು ಮೂಲೆಯಲ್ಲಿ ಹೊರಗೆ ಬಂದಿರಬೇಕು, ಎರಡರಲ್ಲಿ ಬಂದರೆ ಅನುಮಾನ. ತಲೆಬರಹದಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪಿರಬೇಕು. ಒಮ್ಮೆ ಪ್ರಾಜೆಕ್ಟಿನ ಕೆಳಗೆ ಮಗಳು ಬಿಡಿಸಿದ್ದೆಂದು ತೋರುವಂಥ ಸೂರ್ಯನನ್ನು ಬರೆಯಲು ಅವರು ಒಂದೂವರೆ ಗಂಟೆ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಮಗಳು ಬರೆದರೆ ಎರಡು ನಿಮಿಷ. ಆದರೆ ಅವಳು ನಿದ್ದೆ ಮಾಡಿದ್ದಳು.

ಹೀಗಿರುವಾಗ ಈ ಜನವರಿಯಲ್ಲಿ ಆರನೇ ಕ್ಲಾಸಿನ ಡ್ರಾಯಿಂಗ್ ಟೀಚರ್ ಕೊಟ್ಟ ವಿಷಯ: ನೀವಿರುವ ಊರಿನಲ್ಲಿ ನೀವು ಕಾಣದ ಹಾಗೆ ಮರೆಯಾಗಲು ನಿಮ್ಮದೇ ಒಂದು ಕ್ಯಾಮೊಫ್ಲಾಜ್ ಡಿಸೈನ್ ಮಾಡಿ.

'ನಂಗೆ ಅಡಗಬೇಕಾದ್ದು ಟೀಚರ್ ಕಣ್ಣಿಂದ' ಎಂದಳು ಮಗಳು. 'ಬೆಂಚಿನ ಕಂದು, ಯೂನಿಫಾರ್ಮಿನ ಚೌಕಳಿ. ಅರ್ಧ ಗಂಟೆಯಲ್ಲಿ ಮುಗೀತದೆ.' ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮಾಮ ಕೇಳಿಸಿಕೊಳ್ಳಲೇ ಇಲ್ಲ, ಆಗಲೇ ಚಪ್ಪಲಿ ಮೆಟ್ಟಿದ್ದರು.

ಮರುದಿನ ರಾತ್ರಿ ಫೆವಿಕಾಲಿಗೆ ಬಂದವರು ಹನ್ನೆರಡರವರೆಗೆ ಕೂತರು. ಮೊದಲು ಖಾಕಿಯ ವಿಷಯ. ಪೇಶಾವರದಲ್ಲಿ ಲಮ್ಸ್‌ಡನ್ ಎಂಬ ಇಂಗ್ಲಿಷ್ ಅಧಿಕಾರಿ ತನ್ನ ಪಡೆಗೆ ಮಣ್ಣಿನ ಬಣ್ಣದ ಬಟ್ಟೆ ತೊಡಿಸಿದ ಕತೆಯನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. 'ಅದೆಲ್ಲ ಸರಿ ಮಾರಾಯ್ರೇ, ಬಣ್ಣ ಕಂಡುಹಿಡಿದದ್ದು ನಮ್ಮ ಮಂಗಳೂರಿನ ಬಲ್ಮಠದಲ್ಲಿ. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆ, ಹಾಲರ್ ಸಾಹೇಬ!' ಮಂಗಳೂರಿನವರೆಲ್ಲ ಹೀಗೇ ಹೇಳುತ್ತಾರೆ. ಅವರೆದುರು ಪೇಶಾವರದ ಪರವಾಗಿ ವಾದಿಸಲು ನನಗೇನು ಹುಚ್ಚೆ?

ಆಮೇಲೆ ಹಡಗುಗಳು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ನಾರ್ಮನ್ ವಿಲ್ಕಿನ್‌ಸನ್ ಎಂಬ ಕಡಲಿನ ಚಿತ್ರಕಾರ ಹಡಗುಗಳಿಗೆ ಕಪ್ಪು ಬಿಳಿ ಪಟ್ಟೆಗಳನ್ನು ಅಡ್ಡಾದಿಡ್ಡಿ ಬಳಿಸಿದ. ಹಡಗನ್ನು ಅಡಗಿಸುವುದಕ್ಕಲ್ಲ. ಅದು ಯಾವ ಕಡೆಗೆ ಮುಖ ಮಾಡಿದೆ, ಎಷ್ಟು ವೇಗದಲ್ಲಿದೆ ಎಂದು ಜರ್ಮನಿಯ ಸಬ್‌ಮರೀನಿನವನಿಗೆ ಗೊತ್ತಾಗಬಾರದು, ಅಷ್ಟೇ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪುಟ್ಟ ಹಡಗುಗಳಿಗೆ ಬಣ್ಣ ಹಚ್ಚಿ, ತಿರುಗುವ ಮೇಜಿನ ಮೇಲಿಟ್ಟು, ಪೆರಿಸ್ಕೋಪಿನಲ್ಲಿ ನೋಡಿ ಪರೀಕ್ಷೆ ಮಾಡುತ್ತಿದ್ದರಂತೆ. 'ಆ ಯೋಚನೆ ಹೊಳೆದದ್ದು ಅವನಿಗೆ ರೈಲಿನ ಡಬ್ಬಿಯಲ್ಲಿ!' ಎಂದು ಮಾಮ ನನ್ನ ತೊಡೆ ತಟ್ಟಿದರು. 'ಅವನಿಗೆ ಕೂರಲು ಸೀಟು ಸಿಕ್ಕಿರಬೇಕು' ಎಂದೆ. ಮಾಮ ನಗಲಿಲ್ಲ. ಅವರು ದಿವಾ ದಾಟಿದ ಮೇಲೆ ನೂಕುನುಗ್ಗಲಿನಲ್ಲಿ ಒಂಟಿಕಾಲಿನಲ್ಲಿ ನಿಂತು ಯೋಚಿಸುವವರು.

ಅವರ ನಿಜವಾದ ಗುರು ಸಿಕ್ಕಿದ್ದು ಅಮೆರಿಕದಲ್ಲಿ. ಆಬಟ್ ಥೇಯರ್ ಎಂಬ ಚಿತ್ರಕಾರ. ಪ್ರಾಣಿ ಪಕ್ಷಿಗಳ ಬಣ್ಣವೆಲ್ಲ ಅಡಗಿಕೊಳ್ಳುವುದಕ್ಕೇ ಇದೆ ಎಂದು ಹಟ ಹಿಡಿದವನು. 1909ರಲ್ಲಿ ಆ ಬಗ್ಗೆ ದೊಡ್ಡ ಪುಸ್ತಕ ಬಂತು. ಒಳಗಿನ ಸಿದ್ಧಾಂತವೆಲ್ಲ ಅಪ್ಪನದು, ಮುಖಪುಟದಲ್ಲಿ ಲೇಖಕನ ಹೆಸರು ಮಗ ಜೆರಾಲ್ಡನದು. ಇದನ್ನು ಹೇಳುವಾಗ ಮಾಮನ ಕಣ್ಣು ಒದ್ದೆಯಾಗಿತ್ತು.

ಆ ಪುಸ್ತಕದಲ್ಲಿ ಫ್ಲೆಮಿಂಗೋಗಳಿವೆ. ಅವು ಗುಲಾಬಿಯಾಗಿರುವುದು ಉದಯಾಸ್ತದ ಆಕಾಶದಲ್ಲಿ ಕರಗಿಹೋಗಲು ಎಂದು ಥೇಯರ್ ವಾದ. ಥಿಯೊಡೋರ್ ರೂಸ್‌ವೆಲ್ಟ್ ಇದನ್ನು ಚೆನ್ನಾಗಿ ಗೇಲಿ ಮಾಡಿದ್ದರು. ಆದರೆ ರೂಸ್‌ವೆಲ್ಟ್ ನವಿ ಮುಂಬಯಿಗೆ ಬಂದು ನೋಡಿದ್ದರೇ? ಮಾಮ ಬಿಡಲಿಲ್ಲ. ಭರತದ ವೇಳಾಪಟ್ಟಿ ತೆಗೆದರು. ಠಾಣೆ ಖಾಡಿಯ ಕೆಸರು ನೀರಿನಲ್ಲಿ ಮುಳುಗಿದಾಗ ಹಕ್ಕಿಗಳು ನೆರೂಲಿನ ಕಡೆಯ ಕೆರೆಗಳಿಗೆ ಬರುತ್ತವೆ. ಸೂರ್ಯೋದಯವೂ ಭರತವೂ ಕೂಡಿಬರುವ ಭಾನುವಾರ ಹುಡುಕಿ, ಮಗಳನ್ನೂ ನನ್ನನ್ನೂ ಎಬ್ಬಿಸಿ, ಠಾಣೆಯಲ್ಲಿ ರೈಲು ಬದಲಿಸಿ, ಕತ್ತಲಲ್ಲೇ ಸೀವುಡ್ಸ್‌ನಲ್ಲಿ ಇಳಿಸಿದರು.

ಆಕಾಶ ಕೆಂಪಾಯಿತು. ಕೆರೆ ಕೆಂಪಾಯಿತು. ಫ್ಲೆಮಿಂಗೋಗಳು ಒಂದೊಂದೂ ಲೆಕ್ಕ ಹಾಕುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ದಂಡೆಯ ಮೇಲೆ ಮೂವತ್ತು ನಲವತ್ತು ಜನ, ಮಿಲಿಟರಿ ಅಂಗಿ, ಮಿಲಿಟರಿ ಟೊಪ್ಪಿ, ಮೊಳದುದ್ದದ ಲೆನ್ಸಿಗೂ ಮಿಲಿಟರಿ ಲಂಗೋಟಿ ಕಟ್ಟಿಕೊಂಡು, ಹಿಂದಿನ ಬಿಳಿ ಬಿಲ್ಡಿಂಗುಗಳ ಎದುರು ಢಾಳಾಗಿ ನಿಂತಿದ್ದರು. ಹಕ್ಕಿಗಳು ಅವರನ್ನು ನೋಡುತ್ತಿದ್ದವು. ಮಗಳು ವಡಾಪಾವ್ ತಿನ್ನುತ್ತ, 'ಅಪ್ಪಾ, ಯಾರು ಯಾರಿಂದ ಅಡಗಿದ್ದು?' ಅಂದಳು. ಆಗ ಅಪ್ಪ ಕೊಟ್ಟ ಉತ್ತರ ಮಾತ್ರ ಸರಿಯಾಗಿತ್ತು: 'ಬಣ್ಣ ಎಷ್ಟು ಹಚ್ಚಿದರೂ ಅಲ್ಲಾಡಬಾರದು ಮಗಾ. ಅಲ್ಲಾಡಿದರೆ ಮುಗೀತು.'

ಇನ್ನು ಡೊಂಬಿವಲಿಯ ಬಣ್ಣಗಳು. ಕಾಡಿದ್ದವರಿಗೆ ಹಸಿರು, ಮರಳುಗಾಡಿದ್ದವರಿಗೆ ಕಂದು. ನಮಗೆ? ಮಾಮ ಫೋನ್ ಹಿಡಿದು ಒಂದು ವಾರ ಸುತ್ತಿದರು. ಗಚ್ಚಿಗೆ ಹೊದಿಸಿದ ತಾಡಪತ್ರಿಯ ನೀಲಿ. ಸ್ಟೇಷನ್ ಸೇತುವೆಯ ಮೂಲೆಯಲ್ಲಿ ಪಾನಿನ ಕೆಂಪು, ಹಳೆಯದೂ ಹೊಸದೂ ಬೇರೆ ಬೇರೆ ಛಾಯೆ. ಗ್ರಿಲ್ಲಿನ ತುಕ್ಕು. 2014ರ ಜನವರಿಯಲ್ಲಿ ಇಲ್ಲಿ ಬಿದ್ದ ಹಸಿರು ಮಳೆಯನ್ನು ಅವರು ಮರೆತಿರಲಿಲ್ಲ. ಎಲ್ಲಕ್ಕಿಂತ ಮುಖ್ಯ, 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ರಾಸಾಯನಿಕದಿಂದ ಗುಲಾಬಿಯಾಗಿ, ಮುಖ್ಯಮಂತ್ರಿಯೇ ಬಂದು ನೋಡಿ ಹೋದರಲ್ಲ, ಆ ಗುಲಾಬಿ. ಅದನ್ನು ಬೆರೆಸಲು ಮೂರು ರಾತ್ರಿ ಬೇಕಾಯಿತು. ನಮ್ಮ ಮನೆಯ ಇಡ್ಲಿ ತಟ್ಟೆಯ ಎರಡು ಗುಳಿ ಇವತ್ತಿಗೂ ಅದೇ ಬಣ್ಣದಲ್ಲಿವೆ.

ಕೊನೆಯ ರಾತ್ರಿ ನಾನು ಹೋದಾಗ ಮಾಮ ಕನ್ನಡಕ ತೆಗೆದಿಟ್ಟು, ಬಟ್ಟೆಯ ಮೇಲೆ ಮೂಗು ತಾಗುವಷ್ಟು ಬಗ್ಗಿ, ಬಲಗೈಯಲ್ಲಿ ಹನ್ನೊಂದು ವರ್ಷದವರಾಗಿದ್ದರು. ತಲೆಬರಹದಲ್ಲಿ 'ಯು' ಅಕ್ಷರವನ್ನು ಬೇಕೆಂದೇ ನುಂಗಿದ್ದರು. ಬೆಳಿಗ್ಗೆ ಮಗಳು ಶಾಲೆಗೆ ಹೊರಡುವ ಮೊದಲು ಅದನ್ನು ಸರಿಮಾಡಿಕೊಂಡು ಹೋದಳು. ಅವಳಿಗೆ ಸ್ಪೆಲ್ಲಿಂಗ್ ಬರುತ್ತದೆ.

ಪ್ರದರ್ಶನದ ದಿನ ಮಾಮ ಆಫೀಸಿಗೆ ಜ್ವರ ಎಂದು ಹೇಳಿದ್ದರು. ನನ್ನನ್ನೂ ಎಳೆದುಕೊಂಡು ಹೋದರು. ಶಾಲೆಯ ಹಾಲಿನಲ್ಲಿ ಹದಿನೈದು ಇಪ್ಪತ್ತು ಅಪ್ಪಂದಿರು ಜ್ವರ ಬಂದು ನಿಂತಿದ್ದರು. ಒಬ್ಬರೂ ತಮ್ಮ ಮಕ್ಕಳ ಕೆಲಸದ ಹತ್ತಿರವಿಲ್ಲ. ಎಲ್ಲ ಬೇರೆಯವರ ಮಕ್ಕಳ ಮುಂದೆ ಕೈ ಕಟ್ಟಿ ನಿಂತು, ಕಣ್ಣು ಮಾತ್ರ ಓರೆಯಾಗಿ ತಮ್ಮದರ ಮೇಲೆ. ಒಬ್ಬರ ತೋರುಬೆರಳಿಗೆ ಫೆವಿಕ್ವಿಕ್ಕಿನ ಒಣ ಪೊರೆ, ಇನ್ನೊಬ್ಬರ ಉಗುರಿನಲ್ಲಿ ಹಸಿರು. ಪರಸ್ಪರ ಕೈ ನೋಡಿಕೊಂಡರು, ಮಾತಾಡಲಿಲ್ಲ. ಮಾಮ ಯಾರದೋ ಜ್ವಾಲಾಮುಖಿಯ ಪಕ್ಕ ನಿಂತರು.

ಟೀಚರ್ ಬಂದರು. ಡೊಂಬಿವಲಿ ಬಟ್ಟೆಯ ಮುಂದೆ ನಿಂತರು. ಮಾಮನ ಉಸಿರು ನಿಂತದ್ದು ನನಗೆ ಕೇಳಿಸಿತು.

'ಈ ಗುಲಾಬಿ ಬಹಳ ಚೆನ್ನಾಗಿ ಬಂದಿದೆ' ಎಂದರು ಟೀಚರ್. 'ಪೋಸ್ಟರ್ ಕಲರಾ?'

'ಹೌದು ಟೀಚರ್' ಎಂದಳು ಮಗಳು, ಕಣ್ಣು ಮಿಟುಕಿಸದೆ.

ಜ್ವಾಲಾಮುಖಿಯ ಪಕ್ಕದಿಂದ ಧ್ವನಿ ಬಂತು: 'ಅಲ್ಲ ಮೇಡಂ, ಅಕ್ರಿಲಿಕ್.'