ಟರ್ನರ್ ಯಜಮಾನ್ರು ಸಿಎನ್‌ಸಿ ಕಲಿತದ್ದು

ಬೇಲಿಗೆ ಒರಗಿ ಹರಟೋಣ ಅಂದ್ರೆ ಬೆಂಗಳೂರಿನ ರಾಜಗೋಪಾಲನಗರದಲ್ಲಿ ಬೇಲಿ ಎಲ್ಲಿಂದ ತರೋದು ಹೇಳಿ. ಇಪ್ಪತ್ತು-ಮೂವತ್ತರ ಸೈಟು, ಕೆಳಗೆ ಎರಡು ಲೇತು, ಮೇಲೆ ಬಾಡಿಗೆ ಮನೆ, ಅದರ ಮೇಲೆ ನೀರಿನ ಟ್ಯಾಂಕು. ನಮ್ಮ ಹರಟೆಯೆಲ್ಲ ತಾರಸಿಯ ಮೋಟುಗೋಡೆಗೆ ಮೊಣಕೈ ಊರಿಕೊಂಡೇ. ಅದೂ ಕೆಳಗಿನ ಲೇತು ನಿಂತ ಮೇಲೆ.

ಈಗ ಪೀಣ್ಯದ ಕಡೆ ಹೊಸ ಶೋಕಿ ಬಂದಿದೆ, ಕೇಳಿರಬೇಕು ನೀವು. ಟೈ ಕಟ್ಟಿದವರೊಬ್ಬರನ್ನ ಕರೆಸಿ ವರ್ಕರ್‌ಗಳಿಗೆಲ್ಲ ‘ಗ್ರೋತ್ ಮೈಂಡ್‌ಸೆಟ್’ ಭಾಷಣ ಕೊಡಿಸೋದು. ಪಕ್ಕದ ಮನೆ ಟರ್ನರ್ ಯಜಮಾನ್ರು ಕೆಲಸ ಮಾಡೋ ಶಾಪಿನಲ್ಲೂ ಆಯ್ತಂತೆ. ಬುದ್ಧಿ ಹುಟ್ಟುವಾಗ ಬಂದಷ್ಟೇ ಅಲ್ಲ, ಬೆಳೆಸಿಕೊಳ್ಳಬಹುದು ಅಂತ ಒಂದು ಗಂಟೆ ಹೇಳಿದರಂತೆ. ಕೊನೆಗೆ ‘ಯಾರಾದ್ರೂ ಏನಾದ್ರೂ ಕೇಳ್ತೀರಾ’ ಅಂದಾಗ ಹಿಂದಿನ ಸಾಲಿನಿಂದ ಒಬ್ಬ ಎದ್ದು, “ಸಾರ್, ಈ ಒಂದು ಗಂಟೆಗೆ ಓಟಿ ಹಾಕ್ತಾರಾ?” ಅಂದನಂತೆ. ಆವತ್ತಿನ ಸಭೆಗೆ ಅದೇ ತೂಕದ ಪ್ರಶ್ನೆ ಅಂತ ನನಗನ್ನಿಸ್ತು, ಇರಲಿ.

ಆದರೆ ಈ ಮೈಂಡ್‌ಸೆಟ್ ಮಾತಿನ ಮೂಲ ತಳ್ಳಿಹಾಕುವಂಥದ್ದಲ್ಲ. ಕ್ಯಾರೊಲ್ ಡ್ವೆಕ್ ಅಂತ ಅಮೆರಿಕದ ಮನಃಶಾಸ್ತ್ರದ ಪ್ರೊಫೆಸರಮ್ಮ. 1998ರಲ್ಲಿ ಅವರೂ ಕ್ಲೌಡಿಯಾ ಮ್ಯೂಲರ್ ಅನ್ನೋರೂ ಸೇರಿ ಐದನೇ ಕ್ಲಾಸಿನ ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಂದಷ್ಟು ಮಕ್ಕಳಿಗೆ ‘ನೀನು ಜಾಣ’ ಅಂದರು, ಇನ್ನೊಂದಷ್ಟಕ್ಕೆ ‘ಚೆನ್ನಾಗಿ ಶ್ರಮ ಪಟ್ಟೆ’ ಅಂದರು. ಆಮೇಲೆ ನೋಡಿದರೆ, ಜಾಣ ಅನ್ನಿಸಿಕೊಂಡವರೇ ಹೆಚ್ಚಾಗಿ ಕಷ್ಟದ ಒಗಟು ಕಂಡು ಹಿಂದೆ ಸರಿದರು. ಸಹಜ ಬಿಡಿ. ಇರೋ ಹೆಸರು ಹೋದರೆ?

ನಮ್ಮ ಟರ್ನರ್ ಯಜಮಾನ್ರಿಗೆ ಆಗಿದ್ದೂ ಇದೇ. ಕೆಲಸಕ್ಕೆ ಸೇರಿದಾಗಿನಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಅವರ ಕೈಗುಣವೇ ಬೇರೆ’. ಟೂಲ್ ಮೊಂಡಾಗಿದ್ದನ್ನ ಸದ್ದಿನಲ್ಲೇ ಹಿಡಿಯೋರು. ಕಟ್ ಆಗಿ ಬರೋ ಚಿಪ್ಪಿನ ಬಣ್ಣ ನೋಡಿ ಸ್ಪೀಡು ಜಾಸ್ತಿ ಆಯ್ತು ಅನ್ನೋರು. ಅಂಥವರ ಮುಂದೆ ಸಿಎನ್‌ಸಿ, ಅಂದ್ರೆ ಕಂಪ್ಯೂಟರಿನಿಂದ ನಡೆಯೋ ಲೇತು, ತಂದು ನಿಲ್ಲಿಸಿದರು. ಬಾಗಿಲು ಹಾಕ್ಕೊಂಡು ಕೆಲಸ ಮಾಡೋ ಮಷೀನು, ಒಳಗಿನ ಸದ್ದೂ ಸರಿಯಾಗಿ ಕೇಳಲ್ಲ, ಚಿಪ್ಪೂ ಕಾಣಲ್ಲ. ಬಹಳ ದಿನ “ನಮಗೆ ಇಂಗ್ಲಿಷ್ ಬರಲ್ಲಪ್ಪ” ಅಂತ ದೂರವೇ ಉಳಿದರು. ಪರದೆ ಮೇಲೆ ಅಂಥ ಇಂಗ್ಲಿಷೇನಿರುತ್ತೆ? ಜಿ ಸೊನ್ನೆ ಒಂದು ಅಂದ್ರೆ ನೇರ ಕಟ್ಟು, ಎಂ ಸೊನ್ನೆ ಮೂರು ಅಂದ್ರೆ ಸ್ಪಿಂಡಲ್ ತಿರುಗು, ಎಂ ಮೂವತ್ತು ಅಂದ್ರೆ ಮುಗೀತು. ಬಸ್ಸಿನ ನಂಬರಿಗಿಂತ ಸುಲಭ.

ಬಸ್ಸು ಅಂದಾಗ ನೆನಪಾಯ್ತು. ಜಾಲಹಳ್ಳಿ ಎಚ್‌ಎಂಟಿಯ ಬಸ್ಸುಗಳು ಬೆಳಗ್ಗೆ ಸಾಲುಗಟ್ಟಿ ಹೋಗ್ತಿದ್ದ ಕಾಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಜತೆ ಸೇರಿ ಶುರುವಾದ ಫ್ಯಾಕ್ಟರಿ ಅದು. 1961ರಿಂದ ಜಪಾನಿನ ಸಿಟಿಜನ್ ಸಹಯೋಗದ ಕೈಗಡಿಯಾರ. ನೆರಳು ನೋಡಿ ಹೊತ್ತು ಹೇಳ್ತಿದ್ದ ಮನೆಗಳ ಹೆಣ್ಣುಮಕ್ಕಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದರು. ಅವರಿಗೆ ಯಾರು ಮೈಂಡ್‌ಸೆಟ್ ಭಾಷಣ ಮಾಡಿದ್ದರು? ಒಂದು ಮಾತ್ರ ಇತ್ತು, ತಿಂಗಳುಗಟ್ಟಲೆ ಟ್ರೈನಿಂಗು, ಅದೂ ಸ್ಟೈಪೆಂಡು ಕೊಟ್ಟು. ಅಲ್ಲಿ ಕೈ ಪಳಗಿದ ಎಷ್ಟೋ ಜನ ಆಮೇಲೆ ಪೀಣ್ಯದಲ್ಲಿ ಶೆಡ್ಡು ಹಾಕಿದರು.

ಎಲ್ಲಿಗೆ ಬಂದಿದ್ದೆ? ಹಾಂ, ಯಜಮಾನ್ರು. ಕೊನೆಗೂ ಮಷೀನಿನ ಮುಂದೆ ನಿಂತರು. ಜಾಬು ಡ್ರಾಯಿಂಗಿಗಿಂತ ಹತ್ತು ಪಾಯಿಂಟು ದಪ್ಪ ಬಂತು, ಅಂದರೆ 0.10 ಮಿಲಿಮೀಟರು. ಯಜಮಾನ್ರು ಟೂಲಿನ ಅಳತೆ ತಿದ್ದೋ ಆಫ್‌ಸೆಟ್‌ನಲ್ಲಿ ಐದೇ ಪಾಯಿಂಟು ಒತ್ತಿದರು. ಯಾಕೆ ಗೊತ್ತಾ? ಅವರ ಹಳೇ ಲೇತಿನಲ್ಲಿ ಟೂಲು ಐದು ಪಾಯಿಂಟು ಒಳಗೆ ಹೋದರೆ ಸುತ್ತಲೂ ಕೊರೆದು ಜಾಬು ಹತ್ತು ಇಳಿಯುತ್ತೆ. ಸಿಎನ್‌ಸಿಯಲ್ಲಿ ಸಾಮಾನ್ಯವಾಗಿ ಎಕ್ಸ್ ಅಂದ್ರೆ ಜಾಬಿನ ಪೂರ್ತಿ ಡಯಾನೇ, ಅಂದರೆ ವ್ಯಾಸ, ಹತ್ತು ಇಳಿಯಬೇಕಾದ್ರೆ ಹತ್ತೇ ಒತ್ತಬೇಕು. ಏನೂ ಗೊತ್ತಿಲ್ಲದ ಐಟಿಐ ಹುಡುಗ ಈ ತಪ್ಪು ಮಾಡೋದೇ ಇಲ್ಲ ನೋಡಿ, ಅವನಿಗೆ ಅರ್ಧ ಮಾಡೋ ಅಭ್ಯಾಸವೇ ಇಲ್ಲವಲ್ಲ. ಪುಣ್ಯಕ್ಕೆ ಜಾಬು ದಪ್ಪ ಉಳಿದಿತ್ತು, ಇನ್ನೊಂದು ಕಟ್ ಹಾಕಿದರು. ಸಣ್ಣಗಾಗಿದ್ದರೆ ನೇರ ಸ್ಕ್ರ್ಯಾಪ್ ಡಬ್ಬಕ್ಕೆ.

ಭಾಷಣದಲ್ಲಿ ಬರದ ಇನ್ನೊಂದು ಸಂಗತಿ ಇದೆ. ಮಷೀನು ಸಜ್ಜು ಮಾಡಿಕೊಡೋ ಸೆಟ್ಟರುಗಳು ಆಫ್‌ಸೆಟ್ ಹಾಕುವಾಗ ಪರದೆಗೆ ಬೆನ್ನು ಅಡ್ಡ ಕೊಟ್ಟು ನಿಲ್ತಾರೆ. ಅಕ್ಕಪಕ್ಕದವರಿಗೆ ಗೊತ್ತಾದ್ರೆ ತನ್ನ ಬೆಲೆ ಇಳಿಯುತ್ತೆ ಅನ್ನೋ ದಿಗಿಲು. ಅದೂ ಹೊಟ್ಟೆಪಾಡೇ, ಬೈಯೋಕಾಗಲ್ಲ. ಆದರೆ ಕಲಿಯೋನ ಮನಸ್ಸು ಎಷ್ಟು ಬೆಳೆದು ಏನು ಬಂತು, ಪರದೆಯೇ ಕಾಣದಿದ್ದರೆ? ಗಾರ್ಮೆಂಟ್ಸಿನಲ್ಲೂ ಹೀಗೇ. ನೂಲು ಕತ್ತರಿಸೋ ಹೆಲ್ಪರ್ ಹುಡುಗಿ ಊಟದ ಬಿಡುವಿನಲ್ಲಿ ಖಾಲಿ ಮಷೀನಿನ ಮುಂದೆ ಕೂತು ವೇಸ್ಟ್ ಬಟ್ಟೆ ಮೇಲೆ ಹೊಲಿಗೆ ಕಲೀತಾಳೆ. ಸೂಪರ್‌ವೈಸರ್ ನೋಡಿ ಸುಮ್ಮನಿದ್ದರೆ ನಾಳೆ ಟೈಲರು, ಗದರಿದರೆ ಹೆಲ್ಪರ್ ಹೆಲ್ಪರ್ರೇ. ಬರೀ ‘ಪ್ರಯತ್ನಪಟ್ಟೆ, ಭೇಷ್’ ಅಂತ ಬೆನ್ನು ತಟ್ಟಿದರೆ ಸಾಲದು ಅಂತ ಡ್ವೆಕ್ಕಮ್ಮನೇ 2015ರಲ್ಲಿ ಎಚ್ಚರಿಸಿ ಬರೆದರು. ಟೈ ಕಟ್ಟಿದವರು ಆ ಪುಟ ಮಗುಚಿರಲಿಕ್ಕಿಲ್ಲ, ಅಲ್ವಾ?

ಈಗ ಯಜಮಾನ್ರು ಪ್ರೋಗ್ರಾಮನ್ನೂ ಅಲ್ಪಸ್ವಲ್ಪ ತಿದ್ದುತ್ತಾರೆ. ಸೆಟ್ಟರ್ ಹುಡುಗನಿಗೂ ಒಂದು ಆಸೆ ಹುಟ್ಟಿದೆಯಂತೆ. ಬಾಗಿಲು ಮುಚ್ಚಿದ್ದರೂ ಟೂಲಿನ ತುದಿಯ ಇನ್ಸರ್ಟ್ ಹೋಯ್ತು ಅಂತ ಇವರು ಮಷೀನಿನ ಮೈಗೆ ಅಂಗೈ ಇಟ್ಟೇ ಹೇಳ್ತಾರಲ್ಲ, ಆ ವಿದ್ಯೆ ತನಗೂ ಬೇಕಂತೆ. ದಿನಾ ಟೀ ಹೊತ್ತಿಗೆ ಹಿಂದೆ ಬೀಳ್ತಾನಂತೆ.

“ಹೇಳಿಕೊಟ್ರಾ ಯಜಮಾನ್ರೆ?” ಅಂದೆ.

“ಹೇಳ್ಕೊಡೋಣ ಬಿಡಿ,” ಅಂದರು. “ಆರು ತಿಂಗಳು ಬೆನ್ನು ತೋರಿಸಿದಾನೆ. ಇನ್ನೊಂದೆರಡು ಟೀ ಕುಡಿಸಲಿ.”