ದೇಣಿಗೆರಾಯರು

ದೇಣಿಗೆರಾಯರು ಮದುವೆಮನೆಗೆ ಬಂದರೆ ಮೊದಲು ನೋಡುವುದು ಮಂಟಪವನ್ನಲ್ಲ, ಬಾಗಿಲಲ್ಲಿ ಬಿಟ್ಟ ಶೂಗಳನ್ನು. ಅವುಗಳ ಬೆಲೆಯನ್ನು ಕಣ್ಣಲ್ಲೇ ತೂಗಿ, ಊಟಕ್ಕೆ ಯಾರ ಪಕ್ಕದ ಎಲೆ ಹಿಡಿಯಬೇಕೆಂದು ತೀರ್ಮಾನಿಸುತ್ತಾರೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದವರ ಕಂಪನಿಯ ಲಾಭವೆಷ್ಟು, ಅದರ ಸಿಎಸ್‌ಆರ್ ಸಮಿತಿಯಲ್ಲಿ ಯಾರಿದ್ದಾರೆ ಎಂಬುದೆಲ್ಲ ಗೊತ್ತಾಗಿರುತ್ತದೆ. ಮಜ್ಜಿಗೆ ಬರುವಷ್ಟರಲ್ಲಿ ಅವರ ವಾಟ್ಸ್‌ಆ್ಯಪ್‌ಗೆ ಒಂದು ದಪ್ಪ ಪಿಡಿಎಫ್ ಹೋಗಿ ಬಿದ್ದಿರುತ್ತದೆ. ಬಲ್ಲವರು ಈಚೆಗೆ ಎರಡನೇ ಪಂಕ್ತಿಗೇ ಕಾಯುತ್ತಾರೆ.

ಬೆಂಗಳೂರಿನಲ್ಲಿ ಇಂಥ ರಾಯರು ಒಬ್ಬಿಬ್ಬರಲ್ಲ. ಸ್ವಯಂಸೇವಾ ಸಂಸ್ಥೆಗೊಬ್ಬರಂತೆ ಇದ್ದಾರೆ. ಮೇಲೆ ಖಾದಿ ಜುಬ್ಬಾ, ಕೆಳಗೆ ಓಟದ ಶೂ. ಜುಬ್ಬಾ ಹಳ್ಳಿಗೆ, ಶೂ ಟಿಸಿಎಸ್ ವರ್ಲ್ಡ್ 10ಕೆಗೆ. 2008ರಲ್ಲಿ ಶುರುವಾದ ಆ ಓಟದಲ್ಲಿ ಓಡುವವರು ತಮಗಿಷ್ಟವಾದ ಸಂಸ್ಥೆಗೆಂದು ನೆಂಟರಿಷ್ಟರಿಂದ ಹಣ ಎತ್ತುತ್ತಾರೆ. ರಾಯರು ಓಡುವುದಿಲ್ಲ. ಓಡುವವರ ಹಿಂದೆ ಓಡುತ್ತಾರೆ.

ಹುಡುಗನಾಗಿದ್ದಾಗ ಶಾಲೆಯಲ್ಲಿ ಕ್ಷಯರೋಗ ನಿವಾರಣೆಯ ಸೀಲು, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ಪುಟ್ಟ ಬಾವುಟ ಮಾರಿ ಪಳಗಿದ ಕೈ ಅದು. ಆಗ ಬಾವುಟ ಚುಚ್ಚಿದರಾಯಿತು, ಚಿಲ್ಲರೆ ಇಸಿದುಕೊಂಡು ಮೇಷ್ಟರ ಕೈಗಿತ್ತರಾಯಿತು. ಈಗ ಪ್ರತಿ ದಾನಿಗೂ ಕಂಪ್ಯೂಟರಿನಲ್ಲೊಂದು ಕಡತವಿದೆ. ಹುಟ್ಟುಹಬ್ಬ, ಮಕ್ಕಳ ಹೆಸರು, ಹೋದ ವರ್ಷ ಕೊಟ್ಟ ಮೊತ್ತ, ಈ ವರ್ಷ ಕೊಡದಿರಲು ಹೇಳಿದ ನೆಪ, ಎಲ್ಲವೂ ಅದರೊಳಗೆ.

ಕೇಳುವುದರಲ್ಲಿ ನಾಚಿಕೆ ಏನಿದೆ ಎಂದು ರಾಯರು ಹಿರಿಯರ ಸಾಕ್ಷಿ ತರುತ್ತಾರೆ. ಗಾಂಧೀಜಿ ಹರಿಜನ ನಿಧಿಗಾಗಿ ತಮ್ಮ ಸಹಿಗೆ 5 ರೂಪಾಯಿ ವಸೂಲು ಮಾಡುತ್ತಿದ್ದರಲ್ಲ! 1934ರಲ್ಲಿ ಅವರು ಕೊಡಗಿಗೆ ಬಂದಾಗ ಕಥೆಗಾರ್ತಿ ಗೌರಮ್ಮ, ಬಾಪು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದಾಗ ಒಡವೆಗಳನ್ನು ಬಿಚ್ಚಿಕೊಟ್ಟರು. ಈ ಪ್ರಸಂಗ ಹೇಳುವಾಗ ರಾಯರ ದನಿ ಗದ್ಗದವಾಗುತ್ತದೆ: "ಅವರು ಉಪವಾಸ ಕೂತು ದಾನ ಕೊಟ್ಟರು. ನಮ್ಮ ದಾನಿಗಳು, ನಾವು ಉಪವಾಸ ಕೂತರೂ ಫೋನ್ ಎತ್ತೋದಿಲ್ಲ." ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಇಳಕಲ್ಲಿನ ಮಹಾಂತ ಸ್ವಾಮಿಗಳ ಬಗ್ಗೆಯೂ ಅವರಿಗೆ ಅಪಾರ ಗೌರವ. ಆದರೆ ಬೀಡಿ ಬಿಟ್ಟದ್ದಕ್ಕೆ 80ಜಿ ರಶೀದಿ ಬರೆಯುವುದು ಹೇಗೆಂಬ ಚಿಂತೆ ಅವರನ್ನು ಬಿಟ್ಟಿಲ್ಲ.

ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಾಯರ ಮೂಲಮಂತ್ರ. ಈ ಮಂತ್ರದಲ್ಲಿ ನಿಯಮಗಳು ಬಹಳ. ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ವಿನಾಯಿತಿ ಇಲ್ಲ. ಸಂಸ್ಥೆ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ತೆರಿಗೆ ಇಲಾಖೆಗೆ ಒಪ್ಪಿಸಿ, ಬಳಿಕ ಪ್ರತಿಯೊಬ್ಬರಿಗೂ 10ಬಿಇ ಪ್ರಮಾಣಪತ್ರ ಕೊಡಬೇಕು. ಗುಪ್ತದಾನ ಮಾಡುತ್ತೇನೆಂದು ಬಂದ ಹಿರಿಯರನ್ನು ಕೂರಿಸಿಕೊಂಡು ಪ್ಯಾನ್ ನಂಬರ್ ಕೇಳುವ ಕರ್ಮ ರಾಯರದು. ಹೊಸ ತೆರಿಗೆ ಪದ್ಧತಿಗೆ ಹಾರಿದವರಿಗೆ ಈ ವಿನಾಯಿತಿ ಸಿಗುವುದೇ ಇಲ್ಲ. ಆದರೂ ಪ್ರಮಾಣಪತ್ರ ಎರಡು ದಿನ ತಡವಾದರೆ ಮೊದಲು ಫೋನ್ ಮಾಡಿ ಗದರುವವರು ಅವರೇ.

ಫೋಟೊ ಆರಿಸುವ ದಿನ ಕಚೇರಿಯಲ್ಲಿ ಯಾರೂ ರಾಯರ ಹತ್ತಿರ ಸುಳಿಯುವುದಿಲ್ಲ. ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಅವರಿಗೆ ಬಾಯಿಪಾಠ. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಚಿತ್ರ, ಕಥೆ ನೋಡಿದವರು 2.38 ಡಾಲರ್. ಎರಡನ್ನೂ ಒಟ್ಟಿಗೆ ಕೊಟ್ಟಾಗ ದಾನ ಮತ್ತೆ 1.43ಕ್ಕೆ ಇಳಿಯಿತು. ಅಂದಿನಿಂದ ರಾಯರ ಬ್ರೋಷರಿನಲ್ಲಿ ಒಂದೇ ಮಗು. ಅತ್ತರೆ ಘನತೆಗೆ ಧಕ್ಕೆ. ಅಳುವ ಮಗುವಿನ ಕಾಲ ಮುಗಿಯಿತು. ನಗಬೇಕು, ಆದರೆ ಪೂರ್ತಿ ನಗಬಾರದು. ರಾಯಚೂರು ಕಡೆಯ ಹಳ್ಳಿಯೊಂದರಲ್ಲಿ ತೆಗೆಸಿದ ಚಿತ್ರದಲ್ಲಿ ಹುಡುಗಿ ಬಿಸಿಯೂಟ ಉಂಡು ಕೆನ್ನೆ ತುಂಬಿಕೊಂಡು ನಕ್ಕಿದ್ದಾಳೆ. ಸಂಸ್ಥೆ ಹತ್ತು ವರ್ಷ ದುಡಿದದ್ದೇ ಆ ಕೆನ್ನೆಗಾಗಿ. "ಚೆನ್ನಾಗೇ ಇದ್ದಾಳಲ್ಲ, ಇನ್ನೇಕೆ ದುಡ್ಡು?" ಎಂದಾರು ದಾನಿಗಳು ಎಂದು ರಾಯರು ಚಿತ್ರವನ್ನು ನಿಟ್ಟುಸಿರಿನೊಂದಿಗೆ ಬದಿಗಿಡುತ್ತಾರೆ.

ಮೆಟ್ರೊ ನಿಲ್ದಾಣದ ಬಾಗಿಲಲ್ಲಿ ಬಣ್ಣದ ಜಾಕೆಟ್ ತೊಟ್ಟು, ಟ್ಯಾಬ್ ಹಿಡಿದು "ಸರ್, ಎರಡೇ ನಿಮಿಷ" ಎನ್ನುವ ಹುಡುಗರು ರಾಯರ ಪದಾತಿದಳ. ಅವರನ್ನು ಕಂಡ ಕೂಡಲೇ ಬೆಂಗಳೂರಿನ ಅರ್ಧ ಜನಕ್ಕೆ ಫೋನ್ ಬರುತ್ತದೆ. ಸಿಕ್ಕಿಬಿದ್ದವರಿಂದ ಕೇಳುವುದು ನೋಟನ್ನಲ್ಲ, ತಿಂಗಳು ತಿಂಗಳು ಖಾತೆಯಿಂದ ತಾನೇ ಕಡಿತವಾಗುವ ಒಪ್ಪಿಗೆಯನ್ನು. ದಾನಿ ಅದನ್ನು ಮರೆತೇಬಿಟ್ಟರೆ ಉತ್ತಮ. ಮರೆವಿನ ಮೇಲೆ ನಿಂತಿದ್ದ ಈ ಔದಾರ್ಯಕ್ಕೆ 2021ರ ಅಕ್ಟೋಬರ್ 1ರಂದು ರಿಸರ್ವ್ ಬ್ಯಾಂಕ್ ಕಲ್ಲು ಹಾಕಿತು: ಕಾರ್ಡಿನಿಂದ ಹಣ ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕರಿಗೆ ಸಂದೇಶ ಹೋಗಬೇಕು. ಸಂದೇಶ ಹೋಯಿತು, ದಾನಿಗಳಿಗೆ ನೆನಪಾಯಿತು, ಕೆಲವರು ನಿಲ್ಲಿಸಿದರು. ಆ ದಿನವನ್ನು ರಾಯರು ಶ್ರಾದ್ಧದಂತೆ ನೆನೆಯುತ್ತಾರೆ.

ಇತ್ತೀಚಿನ ಹುರುಪು, ಸೇವಾಸಂಸ್ಥೆಗಳು ಷೇರುಪೇಟೆಯಲ್ಲೇ ಹಣ ಎತ್ತುವ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜಿನದು. 2019ರ ಬಜೆಟ್ಟಿನಲ್ಲಿ ಘೋಷಣೆಯಾಗಿ, 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನದೇ ಆದ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್. ಎತ್ತಿದ ಹಣ 1.8 ಕೋಟಿ ರೂಪಾಯಿ. ಇದನ್ನು ರಾಯರು ಷೇರುಪೇಟೆಯಲ್ಲಿ ನುರಿತ ತಮ್ಮ ಮಾವನಿಗೆ ವಿವರಿಸಿದರು. ಹೂಡಿಕೆಯ ಹೆಸರು ಝೀರೊ ಕೂಪನ್ ಝೀರೊ ಪ್ರಿನ್ಸಿಪಲ್.

"ಬಡ್ಡಿ ಎಷ್ಟು?"

"ಬಡ್ಡಿ ಇಲ್ಲ."

"ಅಸಲು ಯಾವಾಗ ವಾಪಸ್?"

"ಅಸಲೂ ಬರೋದಿಲ್ಲ."

"ಇದು ನನ್ನ ಹತ್ತಿರ ಆಗಲೇ ಇದೆ," ಎಂದರು ಮಾವ. "ನಿಮ್ಮ ಭಾವಮೈದನಿಗೆ ಅಂಗಡಿ ಹಾಕಿಕೊಟ್ಟಿದ್ದೇನಲ್ಲ."

ರಾಯರ ಪಂಚಾಂಗವೂ ಬೇರೆ. ಅಕ್ಟೋಬರ್ 2ರಿಂದ 8 ದಾನ ಉತ್ಸವ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ನ್ಯೂಯಾರ್ಕಿನಲ್ಲಿ 2012ರಲ್ಲಿ ಹುಟ್ಟಿದ ಗಿವಿಂಗ್ ಟ್ಯೂಸ್‌ಡೇ. ಮಂಗಳವಾರ ದುಡ್ಡು ಕೈಬಿಡಬಾರದೆನ್ನುವ ಊರಿನಲ್ಲಿ ಅದನ್ನು ಆಚರಿಸುವ ಧೈರ್ಯ ರಾಯರದು. ನಿಜವಾದ ಸುಗ್ಗಿ ಮಾರ್ಚ್. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕೆಂಬ ಸಿಎಸ್‌ಆರ್ ಕಾನೂನು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹನ್ನೊಂದು ತಿಂಗಳು ಫೋನ್ ಎತ್ತದ ಕಂಪನಿ ಹನ್ನೆರಡನೇ ತಿಂಗಳಲ್ಲಿ ತಾನೇ ಫೋನ್ ಮಾಡಿ, "ಶುಕ್ರವಾರದೊಳಗೆ ಒಂದು ಶಾಲೆ ಸಿಗುತ್ತಾ?" ಎನ್ನುತ್ತದೆ. ಶಾಲೆ ಸಿಗುತ್ತದೆ. ಟೀ ಶರ್ಟ್ ತೊಟ್ಟ ಇಂಜಿನಿಯರುಗಳು ಬಂದು ಗೋಡೆಗೆ ನೀಲಿ ಬಳಿಯುತ್ತಾರೆ. ಮುಂದಿನ ವಾರ ಇನ್ನೊಂದು ಕಂಪನಿ ಅದೇ ಗೋಡೆಗೆ ಹಳದಿ. ಹೆಡ್‌ಮೇಷ್ಟರು ಕೈಮುಗಿದು, ಒಬ್ಬ ಗಣಿತದ ಮೇಷ್ಟರು ಸಿಕ್ಕಿದ್ದರೆ ಎಂದು ಗೊಣಗಿದರೆ ರಾಯರು ಮೆಲ್ಲಗೆ, "ಸಂಬಳ ಯಾರೂ ಕೊಡೋದಿಲ್ಲ ಸಾರ್, ಬಣ್ಣ ಬೇಕಾದರೆ ಕೇಳಿ" ಎನ್ನುತ್ತಾರೆ.

ಇಲ್ಲಿ ರಾಯರ ಬಗ್ಗೆ ಕನಿಕರ ಬರುತ್ತದೆ. ದಾನಿಗೆ ತನ್ನ ರೂಪಾಯಿ ನೇರ ಮಗುವಿನ ತಟ್ಟೆಗೇ ಬೀಳಬೇಕು. ಅಲ್ಲಿಗೆ ಹೋಗುವ ವ್ಯಾನಿನ ಡೀಸೆಲ್ಲಿಗೆ, ಲೆಕ್ಕಪತ್ರದ ಗುಮಾಸ್ತೆಗೆ, ಕಚೇರಿಯ ಬಾಡಿಗೆಗೆ ಅಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕಿದ್ದ ಶೇ. 50ರ ಮಿತಿಯನ್ನು ಸರ್ಕಾರ 2020ರಲ್ಲಿ ಶೇ. 20ಕ್ಕೆ ಇಳಿಸಿತು. ಅದೇ ಸರ್ಕಾರ, ಅದೇ ದಾನಿಗಳು ಕೇಳುವ ವರದಿಗಳು ಮಾತ್ರ ದಪ್ಪವಾಗುತ್ತಲೇ ಇವೆ. ಅವನ್ನು ಬರೆಯುವವರಿಗೆ ಗಾಳಿಯೇ ಸಂಬಳ. ಹೀಗಾಗಿ ಸ್ವಂತ ಸಂಬಳವನ್ನು 'ಸಮುದಾಯ ಸಹಭಾಗಿತ್ವ' ಎಂಬ ಬಾಬತ್ತಿನಡಿ ಅಡಗಿಸಿಟ್ಟ ರಾಯರು, ತಿಂಗಳ ಕೊನೆಗೆ ಅದನ್ನು ಕಳ್ಳನಂತೆ ಎಣಿಸಿಕೊಳ್ಳುತ್ತಾರೆ.

ಮೊನ್ನೆ ಗಣೇಶನ ಹಬ್ಬಕ್ಕೆ ಬೀದಿಯ ಹುಡುಗರು ರಶೀದಿ ಪುಸ್ತಕ ಹಿಡಿದು ರಾಯರ ಗೇಟು ಬಡಿದರು. ರಾಯರು ಅಪ್ಪಟ ದಾನಿಯಾಗಿಬಿಟ್ಟರು. "ಇದರಲ್ಲಿ ದೇವರಿಗೆಷ್ಟು, ಉಳಿದ ಖರ್ಚಿಗೆಷ್ಟು?"

"ಗಣಪನಿಗೆ ಮೂರು ಸಾವಿರ ಸಾರ್. ಮಿಕ್ಕಿದ್ದೆಲ್ಲ ಆರ್ಕೆಸ್ಟ್ರಾಕ್ಕೆ."

ಇಷ್ಟು ನೇರ ಲೆಕ್ಕ ರಾಯರು ವೃತ್ತಿಯಲ್ಲಿ ಎಂದೂ ಕೇಳಿರಲಿಲ್ಲ. ಪುಸ್ತಕ ತಿರುವಿದರು. ಎದುರುಮನೆಯವರು ಸಾವಿರ, ಮೂಲೆಮನೆಯವರು ಎರಡು ಸಾವಿರ. ಆಡಿಟ್ ವರದಿ ಯಾರೂ ಕೇಳಿಲ್ಲ. ಐನೂರು ಕೊಡಲು ಹೊರಟ ಕೈ ಸಾವಿರದ ಒಂದು ಕೊಟ್ಟಿತು. ಹುಡುಗ ರಶೀದಿ ಹರಿಯುತ್ತ, "ನಿಮ್ಮ ಆಫೀಸಿನವರಿಗೂ ಹೇಳಿ ಸಾರ್, ಬ್ಯಾನರ್ ಮೇಲೆ ಹೆಸರು ದೊಡ್ಡದಾಗಿ ಹಾಕಿಸ್ತೀವಿ" ಎಂದ.

ರಾಯರು ಅವನ ಫೋನ್ ನಂಬರ್ ಬರೆದುಕೊಂಡು, ಸೋಮವಾರ ಬಯೋಡೇಟಾ ತಗೊಂಡು ಬಾ ಎಂದರು.