ಡೀಸೆಲ್ ಕಾರಿನ ಮೀನಮೇಷ ಮೀಮಾಂಸೆ

ಆಕ್ಸಿಲರೇಟರ್ ಒತ್ತಿದ್ದಾಗಿದೆ, ಕಾರು ಇನ್ನೂ ಹೊರಟಿಲ್ಲ. ಈ ನಡುವಿನ ಶೂನ್ಯವೇ ಪ್ರಸ್ತುತ ಪ್ರಬಂಧದ ವಸ್ತು. ಗ್ಯಾರೇಜುಗಳಲ್ಲಿ ಇದಕ್ಕೆ ‘ಪಿಕಪ್ ಇಲ್ಲ’, ‘ಗಾಡಿ ಎಳೀತಿಲ್ಲ’, ‘ಸೆಕೆಂಡಲ್ಲಿ ಎತ್ತೋದೇ ಇಲ್ಲ ಭಾಯ್’ ಮುಂತಾದ ಪಾಠಾಂತರಗಳು ದೊರೆಯುತ್ತವೆ. ವಿದ್ವತ್ತಿನ ಘನತೆಗಾಗಿ ಇಲ್ಲಿ ‘ಮೀನಮೇಷ’ ಎಂಬ ಪಾಠವನ್ನೇ ಸ್ವೀಕರಿಸಲಾಗಿದೆ. ಲಕ್ಷಣ ಹೀಗೆ: ಆರ್‌ಪಿಎಂ ಮುಳ್ಳು 1200ರಿಂದ 1800ರ ನಡುವೆ ಇರುವಾಗ ಕಾರು ಪಂಚಾಂಗ ನೋಡುತ್ತ ಕೂರುವುದು, 2000 ದಾಟಿದೊಡನೆ ಮುಹೂರ್ತ ಕೂಡಿಬಂದಂತೆ ನುಗ್ಗುವುದು.

ಪರಂಪರೆಯನ್ನು ನೆನೆಯದೆ ಶಾಸ್ತ್ರ ಆರಂಭವಾಗದು. ಕಿಡಿಯ ಹಂಗಿಲ್ಲದೆ ಬರಿಯ ಒತ್ತಡದಿಂದಲೇ ಇಂಧನ ಉರಿಸುವ ಎಂಜಿನ್ನಿಗೆ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದ. 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗ್‌ನಲ್ಲಿ ಅದನ್ನು ಓಡಿಸಿ ತೋರಿಸಿದ. ಆದರೆ ಮೀನಮೇಷದ ಅಪವಾದವನ್ನು ಪೂರ್ತಿ ಅವನ ತಲೆಗೆ ಕಟ್ಟುವುದು ಅನ್ಯಾಯ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಟರ್ಬೋ ತತ್ತ್ವಕ್ಕೆ ಪೇಟೆಂಟ್ ಪಡೆದದ್ದೇ ಮೂಲ. ಸೈಲೆನ್ಸರ್ ಕಡೆ ಹೊರಟ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದು ಅವನ ಉಪಾಯ. ಹೆಚ್ಚು ಗಾಳಿ ಬೇಕಾದರೆ ಹೆಚ್ಚು ಅನಿಲ ಹೊರಬರಬೇಕು. ಅನಿಲ ಬರಲು ಹೆಚ್ಚು ಡೀಸೆಲ್ ಉರಿಯಬೇಕು. ಡೀಸೆಲ್ ಉರಿಯಲು ಹೆಚ್ಚು ಗಾಳಿ ಬೇಕು. ನೈಯಾಯಿಕರು ಇದನ್ನು ಚಕ್ರಕ ದೋಷ ಎಂದು ತಳ್ಳಿಹಾಕುತ್ತಿದ್ದರು. ಎಂಜಿನಿಯರುಗಳು ‘ಟರ್ಬೋ ಲ್ಯಾಗ್’ ಎಂದು ಹೆಸರಿಟ್ಟು ಮಾರಿದರು.

ಆದ್ದರಿಂದ ಮೊದಲ ಜಿಜ್ಞಾಸೆ: ಇದು ಸ್ವಭಾವವೋ, ವಿಕಾರವೋ? ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾ, ಲೀನಿಯಾಗಳ ಹೊಟ್ಟೆಯಲ್ಲಿದ್ದ ಫಿಯಟ್ ಮೂಲದ 1248 ಸಿಸಿ ಎಂಜಿನ್ ಇದಕ್ಕೆ ಶಾಸ್ತ್ರೀಯ ಉದಾಹರಣೆ. ಎಷ್ಟು ಕಾರುಗಳಲ್ಲಿ ಬಂತೆಂದರೆ ಮೋಟಾರು ಪತ್ರಕರ್ತರು ಅದನ್ನು ‘ರಾಷ್ಟ್ರೀಯ ಎಂಜಿನ್’ ಎಂದೇ ಕರೆದರು. ಸ್ವಿಫ್ಟ್‌ನಲ್ಲಿ ಅದರ ಪೂರ್ಣ ಟಾರ್ಕ್ 190 ನ್ಯೂಟನ್ ಮೀಟರ್, ಸಿಗುತ್ತಿದ್ದುದು 2000 ಆರ್‌ಪಿಎಂನಲ್ಲಿ. ಅದಕ್ಕೂ ಕೆಳಗೆ ಅದು ಹೊಸದರಲ್ಲೇ ತೂಕಡಿಸುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ಲಿಗೇ ಕೈಮುಗಿಯಿತಾದರೂ ಹಳೆಯ ಗಾಡಿಗಳು ರಸ್ತೆಯಲ್ಲಿವೆ, ಸಂಶೋಧನೆಗೆ ಸಾಮಗ್ರಿಯ ಕೊರತೆಯಿಲ್ಲ. ಕೊಂಡ ದಿನದಿಂದ ಹೀಗೇ ಇದ್ದರೆ ಸ್ವಭಾವ. ಕಳೆದ ತಿಂಗಳವರೆಗೆ ಚೆನ್ನಾಗಿ ಎಳೆಯುತ್ತಿದ್ದದ್ದು ಈಗ ಎಳೆಯದಿದ್ದರೆ ಮಾತ್ರ ವಿಕಾರ.

ಇನ್ನು ಪೂರ್ವಪಕ್ಷಗಳು. ಅತಿ ಪ್ರಾಚೀನವಾದದ್ದು ಫಿಲ್ಟರ್ ಪಂಥ: ‘ಮೊದ್ಲು ಡೀಸೆಲ್ ಫಿಲ್ಟರ್ ಚೇಂಜ್ ಮಾಡಿ ನೋಡೋಣ ಸಾರ್.’ ಖರ್ಚು ಕಡಿಮೆ, ಅನುಯಾಯಿಗಳು ಅಪಾರ, ತರ್ಕ ಮಾತ್ರ ದುರ್ಬಲ. ಕಟ್ಟಿಕೊಂಡ ಫಿಲ್ಟರ್ ಹೆಚ್ಚು ಡೀಸೆಲ್ ಬೇಡುವಾಗ, ಅಂದರೆ ಹೆದ್ದಾರಿಯಲ್ಲಿ ಕಾಲು ಪೂರ್ತಿ ಒತ್ತಿದಾಗ ಕೈಕೊಡಬೇಕು. ಎರಡು ಸಾವಿರದ ಮೇಲೆ ಸರಾಗವಾಗಿ ಓಡುವ ಕಾರು ಈ ವಾದವನ್ನು ತಾನೇ ಖಂಡಿಸುತ್ತದೆ. ಎರಡನೆಯದು ಇಂಜೆಕ್ಟರ್ ಪಂಥ. ಇವರು ನಾಲ್ಕು ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ, ಯಾವುದು ಹೆಚ್ಚು ತುಂಬಿತೆಂದು ನೋಡುತ್ತಾರೆ. ಪ್ರಯೋಗ ಶುದ್ಧವಾದದ್ದೇ, ಆದರೆ ಇಂಜೆಕ್ಟರಿನಾಚೆಯ ದೋಷ ಬಾಟಲಿಗೆ ಬೀಳುವುದಿಲ್ಲ.

ಅರ್ವಾಚೀನವಾದದ್ದು ಸ್ಕ್ಯಾನರ್ ಪಂಥ. ಇವರಿಗೆ ಪರದೆಯಲ್ಲಿ ಮೂಡಿದ್ದೇ ವೇದ. ‘ಪಿ 0299’ ಎಂದು ಬಂತೆನ್ನಿ. ಟರ್ಬೋ ತಳ್ಳಬೇಕಾದಷ್ಟು ಗಾಳಿ ತಳ್ಳುತ್ತಿಲ್ಲ ಎಂಬುದಷ್ಟೇ ಮೂಲಾರ್ಥ. ಏಕೆ ಎಂಬ ಬಗ್ಗೆ ಶ್ರುತಿ ಮೌನ. ಭಾಷ್ಯಕಾರರು ಮಾತ್ರ ಒಕ್ಕೊರಲಿನಿಂದ ‘ಟರ್ಬೋ ಹೋಗಿದೆ ಸಾರ್’ ಎಂದು ಹತ್ತಾರು ಸಾವಿರದ ಎಸ್ಟಿಮೇಟ್ ಬರೆಯುತ್ತಾರೆ.

ಸಿದ್ಧಾಂತಿಯು ಇದಕ್ಕೆ ಒಪ್ಪದೆ ಅನುಮಾನ ಪ್ರಮಾಣವನ್ನು ಆಶ್ರಯಿಸುತ್ತಾನೆ. ತರ್ಕಶಾಸ್ತ್ರದ ಸುಪ್ರಸಿದ್ಧ ದೃಷ್ಟಾಂತದಲ್ಲಿ ಬೆಟ್ಟವೂ ಹೊಗೆಯೂ ಇರುವುದರಿಂದ ಪ್ರಯೋಗಕ್ಕೆ ಆಗುಂಬೆ ಘಾಟಿಯೇ ಪ್ರಶಸ್ತ. ಸೋಮೇಶ್ವರದಿಂದ ಹತ್ತುವಾಗ ಹೇರ್‌ಪಿನ್ ತಿರುವೊಂದರಲ್ಲಿ ಮುಳ್ಳು ಕೆಳಗಿಳಿದ ಗಳಿಗೆಯಲ್ಲಿ ಹಿಂದಿನ ಗಾಡಿಯವರು ಕಿಟಕಿ ಏರಿಸಿಕೊಂಡರೆ ಹೊಗೆ ಸಿದ್ಧ. ಕಪ್ಪಾಗಿದ್ದರೆ ಡೀಸೆಲ್ಲಿಗೆ ಸಾಕಷ್ಟು ಗಾಳಿ ಸಿಕ್ಕಿಲ್ಲ. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಟರ್ಬೋ ಸೀಲನ್ನು ಶಂಕಿಸಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿಯಾಗಿದ್ದು ಕಣ್ಣುರಿದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದಾದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕಡಿಮೆ ಲೆಕ್ಕ ಒಪ್ಪಿಸುತ್ತಿರಬಹುದು. ಅದನ್ನು ನಂಬಿದ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಡೀಸೆಲ್ಲನ್ನೇ ಕಡಿತ ಮಾಡಿರುತ್ತದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಬಂದ ಮೇಲೆ ಅದು ಒಳಗೇ ಉಳಿಯುವುದರಿಂದ, ಬಿಎಸ್ 6 ಕಾರುಗಳ ವಿಷಯದಲ್ಲಿ ಅನುಮಾನ ಪ್ರಮಾಣಕ್ಕೆ ತೀವ್ರ ಹಿನ್ನಡೆಯಾಗಿದೆ.

ಅನ್ವಯ-ವ್ಯತಿರೇಕಕ್ಕೂ ಇಲ್ಲಿ ಅವಕಾಶವುಂಟು. ಎಂಎಎಫ್ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಅನೇಕ ಕಾರುಗಳಲ್ಲಿ ಇಸಿಯು ತನ್ನ ಅಂದಾಜಿನ ಲೆಕ್ಕಕ್ಕೆ ಇಳಿಯುತ್ತದೆ. ಬಿಚ್ಚಿದ ಮೇಲೆಯೇ ಚೆನ್ನಾಗಿ ಎಳೆದರೆ ಅಪರಾಧಿ ಸಿಕ್ಕಂತೆ. ಇಜಿಆರ್ ವಾಲ್ವಿನದು ಬೇರೆ ಕಥೆ. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಹೊರಹೋಗಬೇಕಾದ ಅನಿಲದಲ್ಲಿ ಸ್ವಲ್ಪವನ್ನು ಮತ್ತೆ ಒಳಗೆ ಕಳಿಸುವ ಈ ಬಾಗಿಲು ಮಸಿ ಕಟ್ಟಿ ಅರೆತೆರೆದೇ ನಿಂತರೆ, ಟರ್ಬೋ ಇನ್ನೂ ಏಳದ ಹೊತ್ತಿನಲ್ಲಿ ಎಂಜಿನ್ ತನ್ನ ಎಂಜಲನ್ನೇ ಉಸಿರಾಡುತ್ತದೆ. ಪೇಟೆಯೊಳಗೇ ಓಡಾಡುವ ಕಾರುಗಳಲ್ಲಿ ಇದು ಹೆಚ್ಚು. ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ತಗಡು ಬಡಿದು ಕಾಯಂ ಮುಚ್ಚುವ ಪದ್ಧತಿಗೆ ಹೊಗೆ ನಿಯಮಗಳ ಸಮ್ಮತಿಯಿಲ್ಲ.

ಇಷ್ಟೆಲ್ಲ ಶಾಸ್ತ್ರಾರ್ಥ ನಡೆಯುವಾಗ ನಿಜವಾದ ಕಾರಣ ಬಂಪರಿನ ಹಿಂದೆ ಅಡಗಿರುವುದೂ ಉಂಟು. ಟರ್ಬೋ ತಳ್ಳಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸ್, ಅದರ ತುದಿಗೊಂದು ಕ್ಲಾಂಪ್. ಕ್ಲಾಂಪ್ ಸಡಿಲವಾದ ಕಡೆ ತೆಳುವಾಗಿ ಆಯಿಲ್ ಜಿನುಗಿ, ಅದಕ್ಕೆ ಧೂಳು ಮೆತ್ತಿ, ಕರಿ ಬಳೆಯೊಂದು ಕಟ್ಟಿರುತ್ತದೆ, ಬೆರಳಾಡಿಸಿದರೆ ಅಂಟುತ್ತದೆ. ಕಂಪ್ರೆಸರ್‌ನಿಂದ ಮೆಲ್ಲಗೆ ಗಾಳಿ ಹಾಯಿಸಿ, ಪಂಕ್ಚರ್ ಅಂಗಡಿಯ ಕ್ರಮದಲ್ಲಿ ಸೋಪಿನ ನೀರು ಸವರಿದರೆ ಗುಳ್ಳೆಗಳೇ ಸಾಕ್ಷಿ ನುಡಿಯುತ್ತವೆ. ಮೇಲೆ ಹೇಳಿದ ಪಿ 0299ಕ್ಕೆ ಇದೂ ಒಂದು ಅರ್ಥ. ಟರ್ಬೋ ಎಸ್ಟಿಮೇಟಿಗೆ ಸಹಿ ಹಾಕುವ ಮುನ್ನ ಈ ಬಳೆಯ ದರ್ಶನ ಮಾಡತಕ್ಕದ್ದು.

ಕೊನೆಯ ಅಧಿಕರಣ ಚಾಲಕ ದೋಷದ್ದು. ನಾಲ್ಕು ಜನ, ಎಸಿ ಬೇರೆ. ಹಂಪ್ ದಾಟಿ ಗಂಟೆಗೆ 20 ಕಿಲೋಮೀಟರ್ ವೇಗ. ಗೇರು ಮಾತ್ರ ಮೂರನೆಯದು. ‘ಡೀಸೆಲ್ ಗಾಡಿ ಅಲ್ವಾ, ಎಳೆಯುತ್ತೆ’ ಎಂಬ ಆಪ್ತವಾಕ್ಯದ ಬಲದಿಂದ ಕಾಲು ಪೂರ್ತಿ ಕೆಳಗೆ. ಇಲ್ಲಿ ಟರ್ಬೋ, ಇಜಿಆರ್, ಇಂಜೆಕ್ಟರ್, ಕ್ಲಾಂಪ್ ಯಾವುದೂ ದೋಷಿಯಲ್ಲ. ಎರಡನೇ ಗೇರಿಗೆ ಇಳಿಸುವುದೇ ಪರಿಹಾರ. ಆದರೆ ಈ ಅಧಿಕರಣವನ್ನು ಮಾಲೀಕರ ಎದುರು ಪಾರಾಯಣ ಮಾಡುವ ಸಂಪ್ರದಾಯ ಗ್ಯಾರೇಜುಗಳಲ್ಲಿಲ್ಲ. ಅಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿ, ಒಂದು ರೌಂಡ್ ಟ್ರಯಲ್ ಹೋಗಿ ಬಂದು, ಬಿಲ್ ಕೈಗಿಡುತ್ತಾರೆ.